ಹರಕೆಗೆ ಅಪ್ಪಣೆ ಬೇಕೆ?

ಮೈಸೂರಿಗೆ ಬಂದು ಸಂತ ಫಿಲೋಮಿನಾ ಚರ್ಚನ್ನು ನೋಡದೆ ಹೋಗುವವರು ಕಡಿಮೆ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ ಈ ಗೋಥಿಕ್ ಶೈಲಿಯ ಕಟ್ಟಡವನ್ನು ನಾವು ಸಾಮಾನ್ಯವಾಗಿ ಎರಡು ಮಾತಿನಲ್ಲಿ ಮುಗಿಸುತ್ತೇವೆ: ಒಂದು, ಅದರ ಅವಳಿ ಗೋಪುರಗಳ ಸೌಂದರ್ಯ, ಇನ್ನೊಂದು, ಹಿಂದೂ ಅರಸನ ಔದಾರ್ಯ. ನಾವು ಅಷ್ಟಾಗಿ ಮಾತನಾಡದ ಮೂರನೆಯ ಸಂಗತಿಯೊಂದಿದೆ. 1961ರಲ್ಲಿ ವ್ಯಾಟಿಕನ್, ಫಿಲೋಮಿನಾಳ ಹಬ್ಬವನ್ನು ತನ್ನ ಪೂಜಾ ಪಂಚಾಂಗದಿಂದ ತೆಗೆದುಹಾಕಿತು. 1802ರಲ್ಲಿ ರೋಮಿನ ನೆಲದಡಿಯ ಸಮಾಧಿಯಲ್ಲಿ ಸಿಕ್ಕಿದ ಮೂಳೆಗಳ ಸುತ್ತ ಬೆಳೆದ ಈ ಕನ್ಯೆಯ ಕಥೆಗೆ ಚರಿತ್ರೆಯ ಆಧಾರ ಸಾಲದು ಎಂಬ ವಿದ್ವಾಂಸರ ಸಂದೇಹ ಅದರ ಹಿಂದಿತ್ತು. ಆದರೆ ಮೈಸೂರಿನಲ್ಲಿ ಚರ್ಚಿನ ಹೆಸರು ಉಳಿಯಿತು, ನೆಲಮಾಳಿಗೆಯಲ್ಲಿರುವ ಅವಳ ಪ್ರತಿಮೆಯ ಮುಂದೆ ಜನ ನಿಲ್ಲುವುದೂ ಉಳಿಯಿತು. ಅವರಲ್ಲಿ ಕ್ರೈಸ್ತರಲ್ಲದವರೂ ಇದ್ದಾರೆ.

ಧರ್ಮದ ಅಧಿಕಾರ ಪೀಠ ಒಂದು ಹೇಳುತ್ತದೆ, ಭಕ್ತಿ ಇನ್ನೊಂದು ಮಾಡುತ್ತದೆ. ಇದು ಮೈಸೂರಿಗೆ ಮಾತ್ರ ಸೇರಿದ್ದಲ್ಲ. ಕೆನ್ಯಾದ ಕಿಸೀ ಜನರ ನಡುವೆ ಕ್ಯಾಥೋಲಿಕ್ ಮತ್ತು ಅಡ್ವೆಂಟಿಸ್ಟ್ ಮಿಷನರಿಗಳು ನೆಲೆಯೂರಿ ಶತಮಾನವೇ ದಾಟಿದೆ. ಇಂದು ಅವರಲ್ಲಿ ಬಹುಪಾಲು ಜನ ಕ್ರೈಸ್ತರು. ಆದರೂ ಹಿರಿಯರ ಆತ್ಮಗಳ ಬಗೆಗಿನ ನಂಬಿಕೆ, ಮಾಟದ ಭಯ ಅಲ್ಲಿ ಅಳಿದಿಲ್ಲ. ಇಂಥದ್ದನ್ನು ಕಂಡಾಗ ಓದಿದವರು ಎರಡರಲ್ಲಿ ಒಂದು ಮಾತು ಹೇಳುತ್ತಾರೆ: 'ಇದು ಕಲಬೆರಕೆ' ಅಥವಾ 'ಇದು ಸುಂದರ ಸಮನ್ವಯ'. ಈ ಎರಡೂ ಮಾತುಗಳು ನಮಗೆ ಸಾಲದೆನಿಸುತ್ತವೆ. ಯಾಕೆಂದು ನೋಡೋಣ.

ಕ್ರೈಸ್ತ ಧರ್ಮವನ್ನು ಇಲ್ಲಿನದಾಗಿಸುವ ಪ್ರಯತ್ನ ಮೈಸೂರು ಸೀಮೆಯಲ್ಲಿ ಹಳೆಯದು. ಹದಿನೇಳನೇ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಸನ್ಯಾಸಿಯ ಉಡುಪು ತೊಟ್ಟರು, ಕನ್ನಡ ಕಲಿತು ಕನ್ನಡದಲ್ಲಿಯೇ ಬರೆದರು. ಅದಕ್ಕೂ ಮುಂಚೆ ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಇದೇ ದಾರಿ ಹಿಡಿದಿದ್ದರು. ರೋಮ್ ಇದನ್ನು ಬಹುಕಾಲ ಅನುಮಾನದಿಂದ ನೋಡಿ, 1744ರಲ್ಲಿ ಇಂಥ 'ಮಲಬಾರ್ ಆಚರಣೆ'ಗಳಿಗೆ ಕಡಿವಾಣ ಹಾಕಿತು. ಮುಂದೆ ಮೈಸೂರು ಪ್ರಾಂತ್ಯದಲ್ಲಿ ದೇಶೀ ಉಡುಪು, ದೇಶೀ ಊಟದಲ್ಲಿ ಬಾಳಿದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿ, 1823ರಲ್ಲಿ ತಾಯ್ನಾಡಿಗೆ ಮರಳಿದ ಹೊತ್ತಿಗೆ ಹಿಂದೂಗಳ ಮತಾಂತರ ಆಗದ ಮಾತೆಂದು ಬರೆದುಬಿಟ್ಟರು.

ಎರಡನೇ ವ್ಯಾಟಿಕನ್ ಮಹಾಸಭೆಯ (1962-65) ಬಳಿಕ ಗಾಳಿ ಬದಲಾಯಿತು. 1969ರಲ್ಲಿ ಭಾರತದ ಚರ್ಚಿನ 12 ಅಂಶಗಳ ಕೋರಿಕೆಗೆ ರೋಮ್ ಒಪ್ಪಿಗೆ ನೀಡಿತು. ಬಲಿಪೂಜೆಯ ವೇಳೆ ಚಪ್ಪಲಿ ಕಳಚಿ ನೆಲದ ಮೇಲೆ ಕೂರಬಹುದು, ಕೈಮುಗಿದು ನಮಿಸಬಹುದು, ಮೇಣದ ಬತ್ತಿಯ ಬದಲು ಎಣ್ಣೆ ದೀಪ ಹಚ್ಚಬಹುದು, ಆರತಿ ಎತ್ತಬಹುದು. ಇದರ ಹಿಂದಿನ ಮುಖ್ಯ ಶಕ್ತಿ ಡಿ.ಎಸ್. ಅಮಲೋರ್ಪವದಾಸ್. ಬೆಂಗಳೂರಿನಲ್ಲಿ ರಾಷ್ಟ್ರೀಯ ಕೇಂದ್ರವೊಂದನ್ನು ಕಟ್ಟಿದ ಅವರು ಆಮೇಲೆ ಮೈಸೂರಿಗೆ ಬಂದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಧರ್ಮದ ಅಧ್ಯಯನ ಪೀಠ, ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಅಂಜಲಿ ಆಶ್ರಮ ಅವರಿಂದ ಆದವು. 1990ರಲ್ಲಿ ಅವರು ತೀರಿಕೊಂಡರು. ಸರಕಾರಿ ವಿಶ್ವವಿದ್ಯಾನಿಲಯವೊಂದು ಅಲ್ಪಸಂಖ್ಯಾತರ ಧರ್ಮವನ್ನು ಗಂಭೀರ ವಿದ್ಯೆಯ ವಿಷಯವಾಗಿ ಕಂಡದ್ದು ಸಣ್ಣ ಸಂಗತಿಯಲ್ಲ. ಪಾಶ್ಚಾತ್ಯರ ಧರ್ಮ ಎಂಬ ಆರೋಪಕ್ಕೆ ಅವರು ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟರು ಎಂಬುದನ್ನೂ ನಾವು ಗೌರವದಿಂದ ನೆನೆಯಬೇಕು.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. 'ಭಾರತೀಯ' ಎಂದು ಆರಿಸಿಕೊಂಡದ್ದು ಯಾರ ಭಾರತವನ್ನು? ಆರತಿ, ಅಂಗವಸ್ತ್ರ, ಆಶ್ರಮ, ಧ್ಯಾನ, ಉಪನಿಷತ್ತು ಇವೆಲ್ಲ ಬಹುಮಟ್ಟಿಗೆ ಮೇಲ್ಜಾತಿಯ ಸಂಸ್ಕೃತ ಪರಂಪರೆಯಿಂದ ಬಂದವು. ಚರ್ಚಿಗೆ ಬಂದ ಬಹುಪಾಲು ಜನರೋ, ಅಂಥ ಪರಂಪರೆ ಹೊಸ್ತಿಲ ಹೊರಗೆ ನಿಲ್ಲಿಸಿದ್ದ ದಲಿತರು ಮತ್ತು ದುಡಿಯುವ ಜಾತಿಗಳವರು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 'ಸಂಸ್ಕೃತೀಕರಣ' ಎಂಬ ಪದವನ್ನು ನಮಗೆ ಕೊಟ್ಟರು. ಕೆಳಗಿನ ಜಾತಿಗಳು ಮೇಲಿನವರ ಆಚಾರವನ್ನು ಅನುಸರಿಸಿ ಸ್ಥಾನ ಹುಡುಕುವ ಪ್ರಕ್ರಿಯೆ ಅದು. ಅದನ್ನೇ ಇಲ್ಲಿ ಚರ್ಚು ಮೇಲಿನಿಂದ ಮಾಡಿತು. ತಮಟೆಯನ್ನು ಬಿಟ್ಟು ಬಂದವನಿಗೆ ವೀಣೆ ಕೊಟ್ಟು 'ಇದು ನಿನ್ನ ಸಂಸ್ಕೃತಿ' ಎಂದ ಹಾಗಾಯಿತು. ಈ ಟೀಕೆ ಹೊರಗಿನವರದಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ಮೊದಲ್ಗೊಂಡು ಬೆಳೆದ ದಲಿತ ದೈವಶಾಸ್ತ್ರ ಇದೇ ಮಾತನ್ನು ಒಳಗಿನಿಂದಲೇ ಕೇಳಿತು.

ಇನ್ನೊಂದು ದಾರಿಯನ್ನು ನೋಡಬೇಕಾದರೆ ಕೆ.ಆರ್. ನಗರದ ಬಳಿಯ ಡೋರ್ನಹಳ್ಳಿಗೆ ಹೋಗಬೇಕು. ರೈತನೊಬ್ಬ ಹೊಲ ಉಳುವಾಗ ನೇಗಿಲಿಗೆ ಮರದ ಪ್ರತಿಮೆಯೊಂದು ಸಿಕ್ಕಿತು, ಬೊಂಬೆಯೆಂದು ಅದನ್ನು ಕಡೆಗಣಿಸಿದಾಗ ಕನಸಿನಲ್ಲಿ ಬಂದು ನೆಲೆ ಕೇಳಿತು ಎಂಬುದು ಅಲ್ಲಿನ ಸಂತ ಅಂತೋಣಿಯವರ ಕಥೆ. ಪೋರ್ಚುಗಲ್ಲಿನಲ್ಲಿ ಹುಟ್ಟಿ ಇಟಲಿಯ ಪಾದುವಾದಲ್ಲಿ ತೀರಿಕೊಂಡ ಸಂತ, ನಮ್ಮ ಎಷ್ಟೋ ಗ್ರಾಮದೇವತೆಗಳ ಹಾಗೆ ನೇಗಿಲ ಸಾಲಿನಿಂದ ಎದ್ದು ಬಂದಿದ್ದಾರೆ! ಇದನ್ನು ಯಾವ ಪಂಡಿತರ ಸಭೆಯೂ ತೀರ್ಮಾನಿಸಲಿಲ್ಲ. ಪ್ರತಿ ಜೂನ್ 13ರ ಹಬ್ಬಕ್ಕೆ ಎಲ್ಲ ಜಾತಿ, ಧರ್ಮಗಳ ಜನ ಹರಕೆ ಹೊತ್ತು ಬರುತ್ತಾರೆ. 2019ರಲ್ಲಿ ರೋಮ್ ಇದಕ್ಕೆ ಬಸಿಲಿಕಾ ಪದವಿ ನೀಡಿತು. ಜನ ಮೊದಲು ಬಂದರು, ಅಪ್ಪಣೆ ಆಮೇಲೆ ಬಂತು.

ಮುಸ್ಲಿಮ್ ಓದುಗರಿಗೆ ಇದು ಅಪರಿಚಿತವಲ್ಲ. ದರ್ಗಾಗಳ ಉರೂಸು, ಹರಕೆಗಳ ಬಗ್ಗೆ ನಮ್ಮೊಳಗೂ ತೀವ್ರ ಭಿನ್ನಾಭಿಪ್ರಾಯಗಳಿವೆ. ಧರ್ಮಗ್ರಂಥದ ಬೆಳಕಿನಲ್ಲಿ ಆಚರಣೆಯನ್ನು ಪ್ರಶ್ನಿಸುವುದು ಆಯಾ ಸಮುದಾಯದ ಹಕ್ಕು, ಕೆಲವೊಮ್ಮೆ ಕರ್ತವ್ಯ. ಡೋರ್ನಹಳ್ಳಿಯದೆಲ್ಲ ಸರಿ, ಆಶ್ರಮದ್ದೆಲ್ಲ ತಪ್ಪು ಎಂಬುದು ನಮ್ಮ ವಾದವಲ್ಲ. ಹರಕೆಯ ಸಾಲಿನಲ್ಲಿ ಜಾತಿ ಕೇಳದವರು ಮದುವೆಯ ಮಾತು ಬಂದಾಗ ಕೇಳುತ್ತಾರೆ. ಒಂದು ದಿನದ ಜಾತ್ರೆಯನ್ನೇ ಸೌಹಾರ್ದವೆಂದು ಕೊಂಡಾಡಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದರಿಂದ ಯಾರ ಬಾಡಿಗೆ ಮನೆಯ ಸಮಸ್ಯೆಯೂ ಬಗೆಹರಿಯುವುದಿಲ್ಲ.

ನಮ್ಮ ಆತಂಕ ಬೇರೆಯದು. ಜನರ ನಂಬಿಕೆಯ ಗಡಿ ಗೆರೆ ಎಳೆಯುವ ಕೆಲಸವನ್ನು ಈಗ ಪ್ರಭುತ್ವ ಕೈಗೆತ್ತಿಕೊಂಡಿದೆ. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಧರ್ಮಕ್ಕೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ದಲಿತ ಕ್ರೈಸ್ತರು ಮತ್ತು ದಲಿತ ಮುಸ್ಲಿಮರು ಇಂದಿಗೂ ಹೊರಗೇ ಇದ್ದಾರೆ. ಧರ್ಮ ಬದಲಾದರೂ ಕೇರಿ ಬದಲಾಗದವನು ದಾಖಲೆಯಲ್ಲಿ ಒಂದು ಹೆಸರು, ಪ್ರಾರ್ಥನೆಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡರೆ ಅವನನ್ನು ವಂಚಕ ಎನ್ನುತ್ತೇವೆ. 2022ರಲ್ಲಿ ಕರ್ನಾಟಕ ತಂದ ಮತಾಂತರ ನಿಷೇಧ ಕಾಯ್ದೆಯ ಪ್ರಕಾರ ಮತಾಂತರವಾಗುವವನು ಮುಂಚಿತವಾಗಿ ಜಿಲ್ಲಾಧಿಕಾರಿಗೆ ತಿಳಿಸಬೇಕಿತ್ತು. 2023ರ ಜೂನಿನಲ್ಲಿ ಸಚಿವ ಸಂಪುಟ ಅದರ ರದ್ದತಿಗೆ ತೀರ್ಮಾನಿಸಿತು. ಆದರೆ ಆ ಕಾಯ್ದೆಯ ಹಿಂದಿನ ಗ್ರಹಿಕೆ ರದ್ದಾಗಿಲ್ಲ. ಮನುಷ್ಯ ಒಂದು ಪೆಟ್ಟಿಗೆಯಿಂದೆದ್ದು ಇನ್ನೊಂದು ಪೆಟ್ಟಿಗೆಯೊಳಗೆ ಕೂರುತ್ತಾನೆ, ಅದೂ ಯಾರೋ ಎತ್ತಿ ಕೂರಿಸಿದರೆ ಮಾತ್ರ ಎಂಬುದೇ ಆ ಗ್ರಹಿಕೆ.

ಮಗುವಿನ ಜ್ವರ ಬಿಡಲೆಂದು ಡೋರ್ನಹಳ್ಳಿಗೆ ಬರುವ ತಾಯಿ ಯಾವ ಪೆಟ್ಟಿಗೆಯವಳು? ಅವಳು ಮತಾಂತರವಾಗಿಲ್ಲ, ಆಗುವುದೂ ಇಲ್ಲ. ನಾಳೆ ಊರಿನ ಮಾರಿಹಬ್ಬಕ್ಕೆ ತಂಬಿಟ್ಟಿನ ಆರತಿ ಹೊರುವವಳೂ ಅವಳೇ. ಅವಳ ನಂಬಿಕೆಯೊಂದಿಗೆ ನಾವು ವಾದ ಮಾಡಬಹುದು. ಪಾದ್ರಿಯೂ ಮಾಡಬಹುದು, ಮೌಲವಿಯೂ ಮಾಡಬಹುದು. ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ಅರ್ಜಿ ಕೇಳುವ ಹಕ್ಕು ಮಾತ್ರ ಯಾರಿಗೂ ಇಲ್ಲ.