ಸಿಮ್ಯುಲೇಟರ್ ಕಲಿಸದ ಪಾಠ: ವಿಮಾನ ಇಳಿಕೆಯ ನಕ್ಷೆಗಳ ಒಂದು ವಿಮರ್ಶೆ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ಹತ್ತು ಕಿಲೋಮೀಟರ್ ಸಾಗಿದರೆ ಮಂಡಕಳ್ಳಿಯ ವಿಮಾನ ನಿಲ್ದಾಣ ಸಿಗುತ್ತದೆ. ತಿಳಿಯಾದ ಹಗಲಿನಲ್ಲಿ ಇಲ್ಲಿಗೆ ಬರುವ ಪೈಲಟ್‌ಗೆ ಗುರುತುಗಳಿಗೆ ಕೊರತೆಯಿಲ್ಲ. ಉತ್ತರಕ್ಕೆ ಚಾಮುಂಡಿ ಬೆಟ್ಟ, ದಕ್ಷಿಣಕ್ಕೆ ಕಪಿಲೆಯ ದಡದಲ್ಲಿ ಶ್ರೀಕಂಠೇಶ್ವರನ ಗೋಪುರ, ಪೂರ್ವಕ್ಕೆ ತಿರುಮಕೂಡಲಿನಲ್ಲಿ ಕಾವೇರಿ-ಕಪಿಲೆಯರ ಸಂಗಮ. ಮೋಡ ಕವಿದಾಗ ಇವು ಯಾವುವೂ ಕಾಣುವುದಿಲ್ಲ. ಆಗ ಪೈಲಟ್ ನಂಬಬೇಕಾದುದು ಎದುರಿಗಿರುವ ಉಪಕರಣಗಳನ್ನು ಮತ್ತು ಒಂದು ಹಾಳೆಯ ನಕ್ಷೆಯನ್ನು. ಉಪಕರಣಗಳ ಆಧಾರದಿಂದ ರನ್‌ವೇಯನ್ನು ಸಮೀಪಿಸುವ ಕ್ರಮವನ್ನು ತಿಳಿಸುವ ಈ ಹಾಳೆಗೆ ಅಪ್ರೋಚ್ ಚಾರ್ಟ್ ಎಂದು ಹೆಸರು. ನಾವಿಲ್ಲಿ ಅದನ್ನು ಇಳಿಕೆಯ ನಕ್ಷೆ ಎಂದು ಕರೆಯೋಣ.

ಈ ನಕ್ಷೆಗಳು ಈಗ ಪೈಲಟ್‌ಗಳ ಸೊತ್ತಾಗಿ ಮಾತ್ರ ಉಳಿದಿಲ್ಲ. ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ನಮ್ಮ ದೇಶದ ನಕ್ಷೆಗಳನ್ನು ಅಂತರ್ಜಾಲದಲ್ಲಿಯೂ ಪ್ರಕಟಿಸುತ್ತದೆ. ಮನೆಯ ಗಣಕದಲ್ಲಿ ಫ್ಲೈಟ್ ಸಿಮ್ಯುಲೇಟರ್ ನಡೆಸುವ ವಿದ್ಯಾರ್ಥಿಗಳು ಇವನ್ನು ಇಳಿಸಿಕೊಂಡು ಓದಲು ಯತ್ನಿಸುತ್ತಾರೆ. ಯತ್ನ ಒಳ್ಳೆಯದೇ. ಆದರೆ ಸಿಮ್ಯುಲೇಟರ್ ಎಂಬ ಗುರು ಈ ನಕ್ಷೆಯನ್ನು ಎಷ್ಟು ಸರಿಯಾಗಿ ಓದಿಸುತ್ತದೆ? ನಕ್ಷೆಯ ಅತಿ ಮುಖ್ಯ ಭಾಗವನ್ನೇ ಅದು ಹಾರಿಸಿಬಿಡುತ್ತದೆ ಎಂಬುದು ಈ ಲೇಖನದ ವಾದ.

ಹಾಳೆಯಲ್ಲಿ ಏನಿದೆ?

ಇಂಥ ನಕ್ಷೆಗಳ ಇತಿಹಾಸದಲ್ಲಿ ಅಮೆರಿಕದ ಅಂಚೆ ವಿಮಾನದ ಪೈಲಟ್ ಎಲ್ರಿ ಜೆಪ್ಪೆಸನ್ ಅವರ ಹೆಸರು ದೊಡ್ಡದು. ತಾವು ಹಾರುವ ದಾರಿಯ ಬೆಟ್ಟ, ಗೋಪುರ, ಹೊಲಗಳ ವಿವರಗಳನ್ನು ಅವರು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. 1934ರಲ್ಲಿ ಅದರ ಪ್ರತಿಗಳನ್ನು ಹತ್ತು ಡಾಲರ್‌ಗೆ ಮಾರಲು ಆರಂಭಿಸಿದರು. ಇಂದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳಿಗೆ ಅನುಗುಣವಾಗಿ ಆಯಾ ದೇಶಗಳು ನಕ್ಷೆ ಸಿದ್ಧಪಡಿಸುತ್ತವೆ. ಮಾಹಿತಿಯ ಬದಲಾವಣೆಗಳು 28 ದಿನಗಳ ಚಕ್ರದಲ್ಲಿ ಜಾರಿಗೆ ಬರುತ್ತವೆ.

ಹಾಳೆಯ ಮೇಲ್ಭಾಗದಲ್ಲಿ ನಿಲ್ದಾಣದ ಹೆಸರು, ರನ್‌ವೇ ಸಂಖ್ಯೆ, ರೇಡಿಯೋ ಆವರ್ತಾಂಕಗಳು ಇರುತ್ತವೆ. ಮಂಡಕಳ್ಳಿಯ ರನ್‌ವೇಗೆ 09/27 ಎಂಬ ಸಂಖ್ಯೆ ಇದೆ. ಇದರ ಅರ್ಥ, ಅದು ಕಾಂತೀಯ ಉತ್ತರದಿಂದ ಸುಮಾರು 90 ಮತ್ತು 270 ಡಿಗ್ರಿ ದಿಕ್ಕಿಗೆ ಚಾಚಿದೆ ಎಂದು. ನಡುವೆ, ಮೇಲಿನಿಂದ ನೋಡಿದಂತೆ ಬಿಡಿಸಿದ ದಾರಿಯ ಚಿತ್ರವಿದೆ. ಅದರ ಕೆಳಗೆ ಪಕ್ಕದಿಂದ ನೋಡಿದಂತೆ ಬಿಡಿಸಿದ ಎತ್ತರದ ಚಿತ್ರವಿದೆ. ಅಡಿಯಲ್ಲಿ ಕನಿಷ್ಠ ಮಿತಿಗಳ ಕೋಷ್ಟಕ. ಇವುಗಳ ಜೊತೆಗೆ ಎರಡು ಮೂರು ಸಾಲಿನ ಒಂದು ಸೂಚನೆ ಇರುತ್ತದೆ: ಇಳಿಯಲಾಗದಿದ್ದರೆ ಯಾವ ದಿಕ್ಕಿಗೆ, ಎಷ್ಟು ಎತ್ತರಕ್ಕೆ ಮರಳಿ ಏರಬೇಕು ಎಂಬುದು. ಈ ಸಾಲುಗಳ ವಿಚಾರಕ್ಕೆ ಮುಂದೆ ಬರೋಣ.

ನಕ್ಷೆಯ ಗುಣ, ನಕ್ಷೆಯ ದೋಷ

ನಕ್ಷೆಯ ದೊಡ್ಡ ಗುಣ ಅದರ ಮಿತವ್ಯಯ. ಒಂದು ಮೂಲೆಯಲ್ಲಿರುವ ವೃತ್ತವನ್ನೇ ನೋಡಿ. ಅದರಲ್ಲಿ ಬರೆದ ಎತ್ತರದಲ್ಲಿ ಹಾರಿದರೆ, 25 ನಾಟಿಕಲ್ ಮೈಲಿ, ಅಂದರೆ 46 ಕಿಲೋಮೀಟರ್ ವ್ಯಾಪ್ತಿಯಲ್ಲಿ ವಿಮಾನವು ಯಾವುದೇ ಬೆಟ್ಟ ಅಥವಾ ಗೋಪುರಕ್ಕಿಂತ ಕನಿಷ್ಠ 1000 ಅಡಿ ಮೇಲಿರುತ್ತದೆ. ಒಂದು ಅಭ್ಯಾಸ ಮಾಡೋಣ. ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1060 ಮೀಟರ್, ಅಂದರೆ ಸುಮಾರು 3480 ಅಡಿ. ಅದಕ್ಕೆ 1000 ಕೂಡಿಸಿ, ಮುಂದಿನ ನೂರಕ್ಕೆ ಏರಿಸಿದರೆ 4500 ಅಡಿ. ಇದು ಒಂದೇ ಬೆಟ್ಟವನ್ನು ಹಿಡಿದು ಮಾಡಿದ ತರಗತಿಯ ಲೆಕ್ಕ. ನಕ್ಷೆ ತಯಾರಿಸುವವರು ಸುತ್ತಲಿನ ಎಲ್ಲ ಅಡೆತಡೆಗಳನ್ನೂ ಎಣಿಸಬೇಕು. ಆದರೂ ಒಂದು ಸಂಖ್ಯೆಯ ಹಿಂದೆ ಎಷ್ಟು ಅಳತೆ ಅಡಗಿದೆ ಎಂಬುದು ಇದರಿಂದ ತಿಳಿಯುತ್ತದೆ.

ಈ 4500 ಅಡಿ ಸಮುದ್ರಮಟ್ಟದಿಂದ ಎಣಿಸಿದ್ದು. ಮಂಡಕಳ್ಳಿಯ ನೆಲವೇ ಸುಮಾರು 730 ಮೀಟರ್, ಅಂದರೆ ಸುಮಾರು 2400 ಅಡಿ ಎತ್ತರದಲ್ಲಿದೆ. ಹಾಗಾಗಿ ಎತ್ತರಮಾಪಕ 4500 ತೋರಿಸುವಾಗ ವಿಮಾನ ರನ್‌ವೇಗಿಂತ 2100 ಅಡಿ ಮಾತ್ರ ಮೇಲಿರುತ್ತದೆ. ಎತ್ತರಮಾಪಕವೋ ನಿಜವಾಗಿ ಒಂದು ವಾಯುಭಾರಮಾಪಕ. ಸ್ಥಳದ ವಾಯುಭಾರಕ್ಕೆ ಅದನ್ನು ಹೊಂದಿಸುವಾಗ ಒಂದು ಹೆಕ್ಟೊಪ್ಯಾಸ್ಕಲ್ ತಪ್ಪಿದರೆ ಸುಮಾರು 27ರಿಂದ 30 ಅಡಿ ತಪ್ಪುತ್ತದೆ. ಹತ್ತು ಹೆಕ್ಟೊಪ್ಯಾಸ್ಕಲ್ ತಪ್ಪಿದರೆ ಸುಮಾರು 300 ಅಡಿ!

ಇನ್ನು ದೋಷಗಳು. ಎತ್ತರಕ್ಕೆ ಅಡಿ, ದೂರಕ್ಕೆ ನಾಟಿಕಲ್ ಮೈಲಿ, ರನ್‌ವೇಯ ಉದ್ದಕ್ಕೆ ಮೀಟರ್ ಎಂಬ ಮಾನಗಳ ಕಲಸುಮೇಲೋಗರ ಮೊದಲನೆಯದು. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಪಕ್ಕನೋಟದ ಚಿತ್ರದಲ್ಲಿ ಎತ್ತರವನ್ನು ಹಿಗ್ಗಿಸಿ ಬಿಡಿಸಿರುತ್ತಾರೆ. ವಿಮಾನ ಸಾಮಾನ್ಯವಾಗಿ ಇಳಿಯುವುದು 3 ಡಿಗ್ರಿ ಕೋನದಲ್ಲಿ. 3 ಡಿಗ್ರಿಯ ಟ್ಯಾಂಜೆಂಟ್ 0.0524. ಅಂದರೆ ಹಾಳೆಯ ಮೇಲೆ 10 ಸೆಂಟಿಮೀಟರ್ ಉದ್ದದ ದಾರಿಯಲ್ಲಿ ಇಳಿತವು ಬರೀ 5 ಮಿಲಿಮೀಟರ್ ಇರಬೇಕು. ಚಿತ್ರದಲ್ಲಾದರೋ ಅದು ಕಡಿದಾದ ಜಾರುಬಂಡೆಯಂತೆ ಕಾಣುತ್ತದೆ. ಓದಲು ಅನುಕೂಲವಾಗಲೆಂದು ಮಾಡಿದ್ದೇ ಸರಿ, ಆದರೆ ಹೊಸಬರ ಕಣ್ಣಿಗೆ ಇದು ಮೋಸ. ಈ ಚಿತ್ರವನ್ನು ನೋಡಿ ಅಂದಾಜು ಮಾಡಬಾರದು. ಅದರ ಸಂಖ್ಯೆಗಳನ್ನು ಓದಬೇಕು.

ಸಿಮ್ಯುಲೇಟರ್ ಎಂಬ ಗುರು

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ ಮೊದಲ ಆವೃತ್ತಿ ಬಂದದ್ದು 1982ರಲ್ಲಿ. ನಂತರ ಎಕ್ಸ್-ಪ್ಲೇನ್ ಬಂತು. ಉಚಿತವಾಗಿ ದೊರೆಯುವ, ಮುಕ್ತ ಆಕರದ ಫ್ಲೈಟ್‌ಗಿಯರ್ ಕೂಡ ಬಂತು. ಶಾಲೆಗಳಿಗೆ ಈ ಕೊನೆಯದು ಹೆಚ್ಚು ಅನುಕೂಲ. ಇವುಗಳ ಉಪಕಾರವನ್ನು ಕಡೆಗಣಿಸುವಂತಿಲ್ಲ. ರೇಡಿಯೋ ಅಲೆಯ ಮೂಲಕ ದಿಕ್ಕನ್ನು ತಿಳಿಯುವುದು, ದೂರವನ್ನು ಅಳೆಯುವುದು, ಅಡ್ಡಗಾಳಿಗೆ ತಕ್ಕಂತೆ ಮೂತಿ ತಿರುಗಿಸುವುದು ಮುಂತಾದವನ್ನು ಪುಸ್ತಕಕ್ಕಿಂತ ಚೆನ್ನಾಗಿ ಇವು ಮನವರಿಕೆ ಮಾಡಿಸುತ್ತವೆ.

ಆದರೆ ಮೂರು ಕೊರತೆಗಳಿವೆ. ಮೊದಲನೆಯದಾಗಿ, ದಾರಿಯನ್ನು ಬಣ್ಣದ ಗೆರೆಯಾಗಿ ಪರದೆಯ ಮೇಲೆ ಎಳೆದುಕೊಡುವ ಸೌಲಭ್ಯ ಇಂದು ಸಾಮಾನ್ಯ. ಗೆರೆಯನ್ನು ಹಿಂಬಾಲಿಸುವವನಿಗೆ ನಕ್ಷೆ ಅಲಂಕಾರದ ವಸ್ತುವಾಗುತ್ತದೆ. ಎರಡನೆಯದಾಗಿ, ಸಿಮ್ಯುಲೇಟರ್‌ನ ದತ್ತಾಂಶ ಹಳೆಯದಿದ್ದು ನಕ್ಷೆ ಹೊಸದಿದ್ದರೆ ಎರಡಕ್ಕೂ ತಾಳೆಯಾಗುವುದಿಲ್ಲ. ವಿದ್ಯಾರ್ಥಿ ತಪ್ಪು ತನ್ನದೆಂದುಕೊಳ್ಳುತ್ತಾನೆ. ಮೂರನೆಯದು ಎಲ್ಲಕ್ಕಿಂತ ಗಂಭೀರ. ಸಿಮ್ಯುಲೇಟರ್‌ನಲ್ಲಿ ಇಳಿದರೆ ಗೆಲುವು, ಇಳಿಯದಿದ್ದರೆ ಸೋಲು ಎಂಬ ಭಾವನೆ ತಾನಾಗಿ ಬೆಳೆಯುತ್ತದೆ. ಕೆಟ್ಟು ಹೋದರೆ ಒಂದು ಗುಂಡಿ ಒತ್ತಿ ಮತ್ತೆ ಮೊದಲಿನಿಂದ ಆರಂಭಿಸಬಹುದು. ಹೀಗಾಗಿ ಮರಳಿ ಏರುವ ಸೂಚನೆಯನ್ನು ಯಾರೂ ಓದುವುದೇ ಇಲ್ಲ.

ನಕ್ಷೆಯ ತರ್ಕ ಇದಕ್ಕೆ ತದ್ವಿರುದ್ಧ. ಐಎಲ್‌ಎಸ್ ಎಂಬ ರೇಡಿಯೋ ವ್ಯವಸ್ಥೆಯ ಸಾಮಾನ್ಯ ದರ್ಜೆಯ ಇಳಿಕೆಯಲ್ಲಿ, ರನ್‌ವೇಯ ಅಂಚಿಗಿಂತ 200 ಅಡಿಗೆ ಕಡಿಮೆಯಿಲ್ಲದ ಒಂದು ತೀರ್ಮಾನದ ಎತ್ತರವನ್ನು ನಿಗದಿ ಮಾಡಿರುತ್ತಾರೆ. ಅಲ್ಲಿಗೆ ಬಂದಾಗ ರನ್‌ವೇ ಅಥವಾ ಅದರ ದೀಪಗಳು ಕಾಣದಿದ್ದರೆ ಮರಳಿ ಏರಲೇಬೇಕು. ಅಂದರೆ ಈ ಹಾಳೆ ಮೊದಲಿನಿಂದಲೂ ಇಳಿಯದಿರುವ ಸಾಧ್ಯತೆಯನ್ನು ಒಪ್ಪಿಕೊಂಡೇ ರಚಿತವಾಗಿದೆ. ಮರಳಿ ಏರುವುದು ಸೋಲಲ್ಲ; ಅದು ಅದೇ ಕ್ರಮದ ಇನ್ನೊಂದು ಸರಿಯಾದ ಮುಕ್ತಾಯ.

ಮಂಗಳೂರಿನ ಪಾಠ

ಇದು ಬರೀ ತರ್ಕದ ಮಾತಲ್ಲ ಎಂಬುದನ್ನು ನಮ್ಮ ರಾಜ್ಯದ ಒಂದು ದುರಂತ ತೋರಿಸಿಕೊಟ್ಟಿದೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ 158 ಮಂದಿ ಸತ್ತರು. ಅಂದು ಮಳೆಯಿರಲಿಲ್ಲ. ರನ್‌ವೇ ಕಾಣುತ್ತಿತ್ತು. ಐಎಲ್‌ಎಸ್ ಇತ್ತು, ನಕ್ಷೆಯೂ ಇತ್ತು. ತನಿಖಾ ವರದಿಯ ಪ್ರಕಾರ ವಿಮಾನವು ಸಾಮಾನ್ಯ ಇಳಿಕೆಯಲ್ಲಿ ಇರಬೇಕಾದ ಎತ್ತರಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರದಲ್ಲಿತ್ತು. ಮರಳಿ ಏರೋಣವೆಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು.

ರನ್‌ವೇಯ ಅಂಚನ್ನು 50 ಅಡಿ ಎತ್ತರದಲ್ಲಿ, 144 ನಾಟ್ ವೇಗದಲ್ಲಿ ದಾಟಬೇಕಿದ್ದ ವಿಮಾನ ಸುಮಾರು 200 ಅಡಿ ಎತ್ತರದಲ್ಲಿ, 160 ನಾಟ್‌ಗೂ ಮೀರಿದ ವೇಗದಲ್ಲಿ ದಾಟಿತು. ಹೆಚ್ಚುವರಿ 150 ಅಡಿಯನ್ನು 0.0524ರಿಂದ ಭಾಗಿಸಿ. ಸುಮಾರು 2860 ಅಡಿ, ಅಂದರೆ 870 ಮೀಟರ್ ಬರುತ್ತದೆ. 3 ಡಿಗ್ರಿ ಇಳಿಜಾರಿನಲ್ಲಿ ಆ ಹೆಚ್ಚುವರಿ ಎತ್ತರವನ್ನು ಕಳೆದುಕೊಳ್ಳಲು ಬೇಕಾದ ರನ್‌ವೇ ಅಷ್ಟು! ವಿಮಾನ ನೆಲ ಮುಟ್ಟಿದ್ದು ಅಂಚಿನಿಂದ ಸುಮಾರು 5200 ಅಡಿ ದಾಟಿದ ಮೇಲೆ. ಸುಮಾರು 8030 ಅಡಿಯ ಆ ರನ್‌ವೇಯಲ್ಲಿ ನಿಲ್ಲಲು ಉಳಿದದ್ದು ಸುಮಾರು 2800 ಅಡಿ. ನೆಲ ಮುಟ್ಟಿದ ಮೇಲೆ ಮರಳಿ ಏರುವ ಯತ್ನ ನಡೆಯಿತು, ಆದರೆ ಆಗ ಕಾಲ ಮಿಂಚಿತ್ತು.

ಇಲ್ಲಿ ನಕ್ಷೆಯ ಮಿತಿಯನ್ನೂ ಹೇಳಬೇಕು. ತೀರ್ಮಾನದ ಎತ್ತರದಲ್ಲಿ ನಕ್ಷೆ ಕೇಳುವ ಪ್ರಶ್ನೆ ‘ರನ್‌ವೇ ಕಾಣುತ್ತಿದೆಯೇ?’ ಎಂಬುದು. ಅಂದು ಅದಕ್ಕೆ ಉತ್ತರ ಹೌದು. ‘ವಿಮಾನ ಇರಬೇಕಾದಲ್ಲಿ ಇದೆಯೇ?’ ಎಂಬ ಇನ್ನೊಂದು ಪ್ರಶ್ನೆಯನ್ನು ಓದುಗನೇ, ದೂರ ಮತ್ತು ಎತ್ತರಗಳನ್ನು ಪದೇ ಪದೇ ತಾಳೆ ನೋಡುತ್ತ ಕೇಳಿಕೊಳ್ಳಬೇಕು. ಐಎಲ್‌ಎಸ್‌ನ ಇಳಿಜಾರು ಸಂಕೇತ 3 ಡಿಗ್ರಿಯಲ್ಲದೆ 9 ಡಿಗ್ರಿಯಂಥ ಹೆಚ್ಚಿನ ಕೋನಗಳಲ್ಲೂ ಹುಸಿಯಾಗಿ ಸಿಗಬಹುದು. ಅದನ್ನು ಪತ್ತೆ ಹಚ್ಚುವ ದಾರಿಯೂ ಈ ತಾಳೆಯೇ.

ತರಗತಿಯಲ್ಲಿ

ತ್ರಿಕೋನಮಿತಿ ಕಲಿಸುವ ಅಧ್ಯಾಪಕರಿಗೆ ಇದಕ್ಕಿಂತ ಜೀವಂತ ಉದಾಹರಣೆ ಸಿಗುವುದು ಕಷ್ಟ. ತಿ. ನರಸೀಪುರವು ಮಂಡಕಳ್ಳಿಯಿಂದ ಹೆಚ್ಚುಕಡಿಮೆ ನೇರ ಪೂರ್ವಕ್ಕೆ, ಸುಮಾರು 26 ಕಿಲೋಮೀಟರ್ ನೇರ ದೂರದಲ್ಲಿದೆ. ಇದು 14 ನಾಟಿಕಲ್ ಮೈಲಿ. ಪೂರ್ವದಿಂದ ರನ್‌ವೇ 27ಕ್ಕೆ 3 ಡಿಗ್ರಿ ಗೆರೆಯೊಂದನ್ನು ಕಲ್ಪಿಸಿಕೊಂಡರೆ ಅದು ಪ್ರತಿ ನಾಟಿಕಲ್ ಮೈಲಿಗೆ ಸುಮಾರು 318 ಅಡಿ ಏರುತ್ತದೆ. ನರಸೀಪುರದ ಮೇಲೆ ಅದು ರನ್‌ವೇಗಿಂತ ಸುಮಾರು 4450 ಅಡಿ, ಸಮುದ್ರಮಟ್ಟದಿಂದ ಸುಮಾರು 6850 ಅಡಿ ಎತ್ತರದಲ್ಲಿರುತ್ತದೆ. 120 ನಾಟ್ ವೇಗದ ವಿಮಾನ ನಿಮಿಷಕ್ಕೆ ಎರಡು ನಾಟಿಕಲ್ ಮೈಲಿ ಸಾಗುವುದರಿಂದ ನಿಮಿಷಕ್ಕೆ ಸುಮಾರು 640 ಅಡಿ ಇಳಿಯಬೇಕು. ವಿದ್ಯಾರ್ಥಿಗಳು ಇಂಥ ಕೋಷ್ಟಕವನ್ನು ತಾವೇ ತಯಾರಿಸಲಿ. ಬಳಿಕ ಯಾವುದಾದರೂ ನಿಲ್ದಾಣದ ಪ್ರಕಟಿತ ನಕ್ಷೆಯೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದರೆ ಕಾರಣ ಹುಡುಕಲಿ.

ಆಮೇಲೆ ಸಿಮ್ಯುಲೇಟರ್ ನಡೆಸಲಿ. ಬಣ್ಣದ ಗೆರೆಯನ್ನು ಆರಿಸಿ, ಮೋಡವನ್ನು ಕೆಳಕ್ಕೆ ಇಳಿಸಿ, ಹತ್ತು ಬಾರಿ ಹಾರಿದರೆ ಐದು ಬಾರಿಯಾದರೂ ರನ್‌ವೇ ಕಾಣದಂತೆ ಅಧ್ಯಾಪಕರು ಏರ್ಪಾಡು ಮಾಡಲಿ. ಪ್ರತಿ ನಾಟಿಕಲ್ ಮೈಲಿಗೊಮ್ಮೆ ಪಕ್ಕದಲ್ಲಿ ಕುಳಿತ ಸಹಪಾಠಿ ಎತ್ತರವನ್ನು ಕೋಷ್ಟಕದೊಡನೆ ತಾಳೆ ನೋಡಿ ಗಟ್ಟಿಯಾಗಿ ಹೇಳಲಿ. ವ್ಯತ್ಯಾಸ ಗೊತ್ತುಪಡಿಸಿದ ಮಿತಿಯನ್ನು ಮೀರಿದರೆ ರನ್‌ವೇ ಕಂಡರೂ ಏರಬೇಕು. ಅಂಕಗಳನ್ನು ನುಣ್ಣನೆಯ ಇಳಿಕೆಗೆ ಕೊಡದೆ, ಸರಿಯಾದ ಕ್ಷಣದಲ್ಲಿ ಮರಳಿ ಏರಿದ್ದಕ್ಕೆ ಕೊಡಬೇಕು. ಸಹಪಾಠಿ ‘ಏರೋಣ’ ಎಂದಾಗ ಕೇಳಿಸಿಕೊಂಡವರಿಗೆ ಇನ್ನೆರಡು ಅಂಕ ಹೆಚ್ಚು ಕೊಟ್ಟರೂ ತಪ್ಪಿಲ್ಲ.