ತಲೆಕೆಳಗಾದ ಗಿಟಾರು: ಎಲಿಜಬೆತ್ ಕಾಟನ್ ಅವರ ಹಾಡುಗಾರಿಕೆ

ಅಮೆರಿಕದ ಜಾನಪದ ಗಿಟಾರುವಾದಕಿ ಎಲಿಜಬೆತ್ ಕಾಟನ್ (1893-1987) ಎಂದೊಡನೆ ಎಲ್ಲರೂ ಹೇಳುವ ಕತೆಯೊಂದಿದೆ. ವಾಷಿಂಗ್ಟನ್ನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಈ ಕರಿಯ ಜನಾಂಗದ ಹೆಂಗಸು, ದಾರಿ ತಪ್ಪಿದ ಹುಡುಗಿಯೊಬ್ಬಳನ್ನು ತಾಯಿಗೆ ಒಪ್ಪಿಸಿದರು. ತಾಯಿ, ಸಂಗೀತ ರಚನೆಯಲ್ಲಿ ಹೆಸರಾದ ರೂತ್ ಕ್ರಾಫರ್ಡ್ ಸೀಗರ್. ಆ ಮನೆಯಲ್ಲೇ ಕೆಲಸಕ್ಕೆ ನಿಂತು, ಒಂದು ದಿನ ಗೋಡೆಯಲ್ಲಿ ತೂಗಿದ್ದ ಗಿಟಾರನ್ನು ಇಳಿಸಿ ನುಡಿಸಿದಾಗ ಮನೆಯವರು ಬೆರಗಾದರು. ಕತೆ ನಿಜವೇ. ಆದರೆ ಅದರಲ್ಲಿ ಕಲಾವಿದೆಗಿಂತ ಆಕೆಯನ್ನು ಕಂಡುಹಿಡಿದವರೇ ದೊಡ್ಡವರಾಗಿ ಕಾಣುತ್ತಾರೆಂಬುದು ನನ್ನ ತಕರಾರು.

ಕಾಟನ್ ಎಡಚಿ. ಉತ್ತರ ಕೆರೊಲಿನಾದಲ್ಲಿ ಬಾಲ್ಯ. ಅಣ್ಣನ ಬ್ಯಾಂಜೋವನ್ನು ತಂತಿ ಬದಲಿಸದೆ ತಿರುಗಿಸಿ ಹಿಡಿದೇ ಕಲಿತರು. ಮನೆಗೆಲಸದ ಸಂಬಳ ಕೂಡಿಸಿ 3.75 ಡಾಲರಿಗೆ ಗಿಟಾರು ಕೊಂಡಾಗಲೂ ಅದೇ ಪಾಡು. ಬಲಗೈಯವರು ಹೆಬ್ಬೆರಳಿನಿಂದ ಮಂದ್ರದ ತಂತಿಗಳನ್ನೂ ಉಳಿದ ಬೆರಳುಗಳಿಂದ ಹಾಡಿನ ಧಾಟಿಯನ್ನೂ ನುಡಿಸುತ್ತಾರೆ. ಇವರದು ತದ್ವಿರುದ್ಧ: ಮಂದ್ರಕ್ಕೆ ಬೆರಳು, ಧಾಟಿಗೆ ಹೆಬ್ಬೆರಳು. ಇದನ್ನು ಬರಿಯ ಚಮತ್ಕಾರವೆಂದು ಬಗೆಯಬಾರದು. ಹೆಬ್ಬೆರಳಿಗೆ ಬಲ ಹೆಚ್ಚು. ಆದುದರಿಂದ ಧಾಟಿಯ ಒಂದೊಂದು ಸ್ವರವೂ ದುಂಡಗೆ ಎದ್ದು ಕೇಳಿಸುತ್ತದೆ, ಮಂದ್ರವು ಹಿಂದಿನಿಂದ ಹಗುರಾಗಿ ಹೆಜ್ಜೆ ಹಾಕುತ್ತದೆ. 'ವಿಲ್ಸನ್ ರ್‍ಯಾಗ್' ಕೇಳಿದರೆ ಇದು ತಾನಾಗಿ ಮನದಟ್ಟಾಗುತ್ತದೆ. ಅದಿರುವುದು 1958ರಲ್ಲಿ ಫೋಕ್‌ವೇಸ್ ಹೊರತಂದ ಮೊದಲ ಧ್ವನಿಮುದ್ರಿಕೆಯಲ್ಲಿ. ಮೈಕ್ ಸೀಗರ್ ಕಾಟನ್ ಅವರ ಮನೆಗೇ ಹೋಗಿ ಮುದ್ರಿಸಿಕೊಂಡದ್ದು. ಆಗ ಅವರಿಗೆ 65ರ ಪ್ರಾಯ. ಲೌಕಿಕದ ಹಾಡು ಬೇಡವೆಂದು ಇಗರ್ಜಿಯ ಹಿರಿಯರು ಹೇಳಿದ್ದರಿಂದ, ಮದುವೆ, ಮಗು, ದುಡಿಮೆಗಳಿಂದ ದಶಕಗಟ್ಟಲೆ ಗಿಟಾರು ಕೈಬಿಟ್ಟಿತ್ತು.

'ಫ್ರೈಟ್ ಟ್ರೈನ್' ಅವರು ಎಳೆ ಹುಡುಗಿಯಾಗಿದ್ದಾಗ, ಮನೆಯ ಬಳಿ ಹಾದುಹೋಗುವ ಗೂಡ್ಸ್ ರೈಲಿನ ಸದ್ದು ಕೇಳುತ್ತಾ ಕಟ್ಟಿದ ಹಾಡು. ಅಂದು ದಾರಿ ತಪ್ಪಿದ್ದ ಹುಡುಗಿ ಪೆಗ್ಗಿ ಸೀಗರ್ ದೊಡ್ಡವಳಾಗಿ ಅದನ್ನು ಇಂಗ್ಲೆಂಡಿನಲ್ಲಿ ಹಾಡಿದಳು. 1957ರಲ್ಲಿ ಚಾಸ್ ಮೆಕ್‌ಡೆವಿಟ್ ತಂಡದ ರೆಕಾರ್ಡು ಅಲ್ಲಿ ಮನೆಮಾತಾಯಿತು. ರಚಿಸಿದವರೆಂದು ಅಚ್ಚಾದದ್ದು ಬೇರೆ ಇಬ್ಬರ ಹೆಸರು! ವ್ಯಾಜ್ಯ ರಾಜಿಯಲ್ಲಿ ಮುಗಿದು ಕಾಟನ್ ಹೆಸರು ಮರಳಿತೆನ್ನಿ. ಜಾನಪದವೆಂದರೆ ಯಾರದೂ ಅಲ್ಲದ್ದು ಎಂಬ ನಂಬಿಕೆ ಇಂಥ ಕಡೆ ಎಷ್ಟು ಅನುಕೂಲ! ನೇಜಿ ನೆಡುತ್ತಾ ಪಾಡ್ದನ ಹೇಳುವವರನ್ನು ಕಂಡ ನಮ್ಮೂರಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ನನ್ನನ್ನು ಹೆಚ್ಚು ಕಾಡುವುದು 1967ರ 'ಶೇಕ್ ಶುಗರಿ'. ಮರಿಮಕ್ಕಳೂ ಸಾಲು ಸೇರಿಸಿ ಕಟ್ಟಿದ ಹಾಡು. ಹಾಡಿದವಳು ಮರಿಮಗಳು ಬ್ರೆಂಡಾ. ಮನೆಯ ಸಾಮಾನೆಲ್ಲ ಒಂದೊಂದಾಗಿ ಅಡವಿಗೆ ಹೋಗುವುದೇ ವಸ್ತು. ಬ್ಯಾಂಕಿನಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿ ಕುಳಿತು ಬಳೆ, ಕರಿಮಣಿ ತೂಗುವುದನ್ನು ನಿತ್ಯ ಕಂಡ ನನಗೆ ಇದು ತಮಾಷೆಯಾಗಿ ಕೇಳಿಸುವುದಿಲ್ಲ. ಕಾಟನ್ ಮಾತ್ರ ಅಳು ತರುವುದಿಲ್ಲ. ಮಗುವಿನ ನಿರುಮ್ಮಳ ದನಿಯ ಅಡಿಯಲ್ಲಿ ಗಿಟಾರು ಒಂದೇ ನಡೆಯಲ್ಲಿ ಸಾಗುತ್ತದೆ, ಅಷ್ಟೆ.

ಮುಂದಿನದು ಗೌರವಗಳ ಕಾಲ. 1984ರಲ್ಲಿ ರಾಷ್ಟ್ರೀಯ ಪರಂಪರೆಯ ಫೆಲೋಶಿಪ್, 1985ರಲ್ಲಿ ಗ್ರ್ಯಾಮಿ. ತೀರಿಕೊಂಡು 35 ವರ್ಷಗಳ ಬಳಿಕ, 2022ರಲ್ಲಿ, ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್. ಗ್ರ್ಯಾಮಿ ಪಡೆದ ಕಚೇರಿಯ ಮುದ್ರಿಕೆಯಲ್ಲಿ ಹಾಡಿನಷ್ಟೇ ಮಾತೂ ಇದೆ, ದನಿ ಬಿರಿದಿದೆ. ಅಜ್ಜಿಯ ಸಲಿಗೆ ಸೊಗಸಾದರೂ ಬೆರಳಿನ ಕೆಲಸ ಅರಿಯಬೇಕಾದವರು 1958ರದನ್ನೇ ಕೇಳಬೇಕು.