ಗಲ್ಲಿಗೇರಿದ ಮೇಲೆ ಉಳಿದ ಮೊಕದ್ದಮೆ

ಸದ್ದಾಂ ಹುಸೇನ್‌ನನ್ನು ಬಾಗ್ದಾದಿನಲ್ಲಿ ಗಲ್ಲಿಗೇರಿಸಿದ್ದು 2006ರ ಡಿಸೆಂಬರ್ 30ರ ಬೆಳಗಿನ ಜಾವ. ಒಂಬತ್ತು ದಿನ ಕಳೆದು, 2007ರ ಜನವರಿ 8ರಂದು, ಅದೇ ನ್ಯಾಯಮಂಡಳಿ ಮತ್ತೊಂದು ಮೊಕದ್ದಮೆಗಾಗಿ ಸೇರಿತು. 1988ರಲ್ಲಿ ಕುರ್ದರ ಮೇಲೆ ನಡೆದ ಅನ್ಫಾಲ್ ಕಾರ್ಯಾಚರಣೆಯ ಮೊಕದ್ದಮೆ ಅದು. ಅಂದು ಸರ್ಕಾರಿ ವಕೀಲರು ಕೆಲವು ಧ್ವನಿಮುದ್ರಿಕೆಗಳನ್ನು ಕೇಳಿಸಿದರು. ರಾಸಾಯನಿಕ ಅಸ್ತ್ರಗಳಿಂದ ಜನರನ್ನು ಕೊಲ್ಲುವ ಬಗ್ಗೆ ಅದರಲ್ಲಿ ಮಾತಾಡುತ್ತಿರುವುದು ಸದ್ದಾಂ ಮತ್ತು ಅವನ ದಾಯಾದಿ ಅಲಿ ಹಸನ್ ಅಲ್ ಮಜೀದ್ ಎಂದು ಅವರು ವಾದಿಸಿದರು. ಧ್ವನಿ ಕೇಳುತ್ತಿತ್ತು, ಆಸನ ಖಾಲಿಯಿತ್ತು. ಅದೇ ದಿನ ಸದ್ದಾಂ ಮೇಲಿನ ಆರೋಪಗಳನ್ನು ಕೈಬಿಡಲಾಯಿತು. ಸತ್ತವರ ಮೇಲೆ ಮೊಕದ್ದಮೆ ನಡೆಸುವಂತಿಲ್ಲವಲ್ಲ.

ಪದಚ್ಯುತ ಸರ್ವಾಧಿಕಾರಿಗೆ ಗಲ್ಲೋ ಜೀವಾವಧಿಯೋ ಎಂಬ ಚರ್ಚೆ ಬಂದಾಗಲೆಲ್ಲ ನಾವು ಸಾಮಾನ್ಯವಾಗಿ ಕೇಳುವುದು, ಅವನು ಸಾಯಲು ಅರ್ಹನೇ ಎಂಬ ಪ್ರಶ್ನೆಯನ್ನು. ಈ ಪ್ರಶ್ನೆಯಿಂದ ಚರ್ಚೆ ಮುಂದೆ ಹೋಗುವುದಿಲ್ಲ ಎಂದು ನನಗನ್ನಿಸುತ್ತದೆ. ಸಾವಿರಾರು ಜನರನ್ನು ಕೊಲ್ಲಿಸಿದವನಿಗೆ ಯಾವ ಶಿಕ್ಷೆಯೂ ಹೆಚ್ಚಾಗುವುದಿಲ್ಲ, ಯಾವುದೂ ಸಾಲುವುದೂ ಇಲ್ಲ. ಸಾಹಿತ್ಯದ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವುದು ಬೇರೆ: ಶಿಕ್ಷೆ ಎಂಬುದು ಒಂದು ಕಥನದ ಮುಕ್ತಾಯವೂ ಹೌದಾದರೆ, ಗಲ್ಲು ಯಾರ ಕಥೆಯನ್ನು ಮುಗಿಸುತ್ತದೆ, ಯಾರದನ್ನು ಅರ್ಧಕ್ಕೆ ನಿಲ್ಲಿಸುತ್ತದೆ?

ಸದ್ದಾಂನನ್ನು ಗಲ್ಲಿಗೇರಿಸಿದ್ದು ದುಜೈಲ್ ಪ್ರಕರಣದಲ್ಲಿ. 1982ರ ಜುಲೈನಲ್ಲಿ ಆ ಊರಿನಲ್ಲಿ ಅವನ ಮೇಲೆ ಕೊಲೆಯತ್ನ ನಡೆದಿತ್ತು. ಅದಕ್ಕೆ ಪ್ರತೀಕಾರವಾಗಿ 148 ಶಿಯಾ ಗಂಡಸರು ಮತ್ತು ಹುಡುಗರನ್ನು ಕೊಲ್ಲಲಾಯಿತು. ದಾಖಲೆಗಳು ಸ್ಪಷ್ಟವಾಗಿದ್ದವು, ಘಟನೆಯ ವ್ಯಾಪ್ತಿ ಸಣ್ಣದು. ಮೊದಲು ಇದನ್ನು ಕೈಗೆತ್ತಿಕೊಂಡಿದ್ದು ಅದಕ್ಕೇ. 2005ರ ಅಕ್ಟೋಬರ್‌ನಲ್ಲಿ ವಿಚಾರಣೆ ಶುರುವಾಯಿತು. ನಡುವೆ ಮೂವರು ಪ್ರತಿವಾದಿ ವಕೀಲರ ಕೊಲೆಯಾಯಿತು, ಮುಖ್ಯ ನ್ಯಾಯಾಧೀಶರು ರಾಜೀನಾಮೆ ಕೊಟ್ಟರು. 2006ರ ನವೆಂಬರ್ 5ಕ್ಕೆ ತೀರ್ಪು ಬಂತು, ಡಿಸೆಂಬರ್ 26ಕ್ಕೆ ಮೇಲ್ಮನವಿ ತಿರಸ್ಕೃತವಾಯಿತು. ಮೂವತ್ತು ದಿನಗಳೊಳಗೆ ಶಿಕ್ಷೆ ಜಾರಿಯಾಗಬೇಕೆಂಬುದು ಅಲ್ಲಿನ ನಿಯಮ. ಸರ್ಕಾರ ನಾಲ್ಕೇ ದಿನ ತೆಗೆದುಕೊಂಡಿತು. ಮರಣದಂಡನೆಯ ವಿರೋಧಿಯಾಗಿದ್ದ ಅಧ್ಯಕ್ಷ ಜಲಾಲ್ ತಲಬಾನಿ ಸಹಿ ಹಾಕಲಿಲ್ಲ. ಪ್ರಧಾನಿ ನೂರಿ ಅಲ್ ಮಾಲಿಕಿ ಹಾಕಿದರು. ತಲಬಾನಿ ಸ್ವತಃ ಕುರ್ದ್ ನಾಯಕ ಎಂಬುದನ್ನು ಇಲ್ಲಿ ಮರೆಯಬಾರದು.

ಅನ್ಫಾಲ್‌ನಲ್ಲಿ ಸತ್ತವರು ಕನಿಷ್ಠ 50,000 ಎಂದು ಹ್ಯೂಮನ್ ರೈಟ್ಸ್ ವಾಚ್ ಅಂದಾಜಿಸಿದೆ. ಕುರ್ದರು ಹೇಳುವ ಲೆಕ್ಕ 1,82,000. 1988ರ ಮಾರ್ಚ್ 16ರಂದು ವಿಷಾನಿಲಕ್ಕೆ ಸುಮಾರು 5,000 ಜನ ಬಲಿಯಾದ ಹಲಬ್ಜಾದ್ದು ಪ್ರತ್ಯೇಕ ಮೊಕದ್ದಮೆ. ಸದ್ದಾಂ ಸಾಯುವ ಹೊತ್ತಿಗೆ ಅದರ ವಿಚಾರಣೆ ಶುರುವೇ ಆಗಿರಲಿಲ್ಲ. ಅಲ್ ಮಜೀದ್‌ಗೆ ಮುಂದೆ ಶಿಕ್ಷೆಯಾಯಿತು, 2010ರಲ್ಲಿ ಅವನನ್ನೂ ಗಲ್ಲಿಗೇರಿಸಿದರು. ಆದರೆ ಆಳಿದವನನ್ನು ಎದುರು ನಿಲ್ಲಿಸಿಕೊಂಡು, ನಿನ್ನ ಆಜ್ಞೆಯಿಂದ ನನ್ನ ಊರು ಹೀಗಾಯಿತು ಎಂದು ಹೇಳಿ, ಅದಕ್ಕೊಂದು ತೀರ್ಪು ಪಡೆಯುವ ಅವಕಾಶ ಹಲಬ್ಜಾದವರಿಗೆ ಸಿಗಲೇ ಇಲ್ಲ. 148 ಜನರ ನ್ಯಾಯಕ್ಕಾಗಿ ಸಾವಿರಾರು ಜನರ ನ್ಯಾಯವನ್ನು ಬಿಟ್ಟುಕೊಟ್ಟ ಹಾಗಾಯಿತು. ದುಜೈಲಿನವರ ನೋವು ಇದರಿಂದ ಸಣ್ಣದಾಗುವುದಿಲ್ಲ. ಆದರೆ ಅವರಿಗೆ ನ್ಯಾಯ ಕೊಡಲು ಇನ್ನೊಬ್ಬರ ನ್ಯಾಯವನ್ನು ಮುಚ್ಚಬೇಕಾಗಿರಲಿಲ್ಲ.

ಇನ್ನು ಸಾವಿನ ದೃಶ್ಯ. ಅಂದು ಸುನ್ನಿಗಳಿಗೆ ಬಕ್ರೀದ್. ಯಾರೋ ಮೊಬೈಲಿನಲ್ಲಿ ಹಿಡಿದ ವೀಡಿಯೊ ಕೆಲವೇ ಗಂಟೆಗಳಲ್ಲಿ ಜಗತ್ತಿಗೆಲ್ಲ ಹರಡಿತು. ನೇಣುಗಂಬದ ಕೆಳಗಿನಿಂದ ಶಿಯಾ ನಾಯಕ ಮುಕ್ತದಾ ಅಲ್ ಸದರ್‌ನ ಹೆಸರು ಕೂಗುವವರು, ಹಂಗಿಸುವವರು, ಸುಮ್ಮನಿರಿ ಎಂದು ಬೇಡಿಕೊಳ್ಳುವ ಸರ್ಕಾರಿ ವಕೀಲ. ಮೇಲೆ, ಮುಖಕ್ಕೆ ಮುಸುಕಿಲ್ಲದೆ, ತಿರುಗಿ ಉತ್ತರ ಕೊಡುತ್ತ ನಿಂತ ಮುದುಕ. ಒಂದು ಪ್ರಭುತ್ವದ ತೀರ್ಪು ನೋಡುವವರ ಕಣ್ಣಿಗೆ ಒಂದು ಗುಂಪಿನ ಸೇಡಾಗಿ ಕಂಡಿತು. ಅದಕ್ಕಿಂತ ವಿಪರೀತವೆಂದರೆ, ಇಪ್ಪತ್ತೈದು ವರ್ಷ ಜನರನ್ನು ನಡುಗಿಸಿದವನು ಕೊನೆಯ ಕೆಲವು ನಿಮಿಷಗಳಲ್ಲಿ ಧೀರನಾಗಿ ಕಂಡ.

ಕನ್ನಡದ ಓದುಗರಿಗೆ ಈ ಪರಿಣಾಮ ಅಪರಿಚಿತವಲ್ಲ. ರನ್ನ ತನ್ನ ಕಾವ್ಯಕ್ಕಿಟ್ಟ ಹೆಸರು 'ಸಾಹಸಭೀಮ ವಿಜಯ'. ತನ್ನ ದೊರೆಯನ್ನು ಅವನು ಭೀಮನೊಡನೆ ಸಮೀಕರಿಸಿದ. ಆದರೂ ನಮ್ಮ ಮನಸ್ಸಿನಲ್ಲಿ ನಿಂತವನು ಹೆಣಗಳ ರಾಶಿಯ ನಡುವೆ ಸಂಜಯನೊಡನೆ ನಡೆದು, ತಮ್ಮನನ್ನೂ ಮಗನನ್ನೂ ಕರ್ಣನನ್ನೂ ಕಂಡು ಗೋಳಿಟ್ಟ ದುರ್ಯೋಧನ. ಅವನು ದುರಂತ ನಾಯಕನೇ ಎಂಬುದು ನಮ್ಮ ವಿಮರ್ಶೆಯ ಹಳೆಯ ಚರ್ಚೆ. ಸೋತವನ ಕೊನೆಯ ಹೊತ್ತು ಕಣ್ಣೆದುರಿಗೆ ಬಂದಾಗ ತುಂಬಿದ ಸಭೆಯಲ್ಲಿ ದ್ರೌಪದಿಗಾದ ಅವಮಾನ ಹಿಂದಕ್ಕೆ ಸರಿಯುತ್ತದೆ. ಕಾವ್ಯಕ್ಕೆ ಅದು ದೊಡ್ಡತನ, ವೈರಿಯ ಅಳಲನ್ನೂ ಕೇಳಿಸುವ ಔದಾರ್ಯ. ಆದರೆ ಕಾವ್ಯ ಮಾಡಬಹುದಾದ ಈ ಕೆಲಸವನ್ನು ಪ್ರಭುತ್ವ ಗೊತ್ತಿಲ್ಲದೆ ಮಾಡಿದರೆ, ಕೊಂದವನಿಗೆ ಕರುಣೆ ಸಿಕ್ಕಿ ಸತ್ತವರು ಹಿನ್ನೆಲೆಗೆ ಹೋಗುತ್ತಾರೆ.

ಆ ಪರಿಣಾಮ ಬೆಂಗಳೂರಿಗೂ ಬಂದಿತ್ತು. 2007ರ ಜನವರಿಯಲ್ಲಿ ಸದ್ದಾಂನ ಗಲ್ಲನ್ನು ಖಂಡಿಸಿ ಇಲ್ಲಿ ಮೆರವಣಿಗೆ ನಡೆಯಿತು. ಅದರ ಬೆನ್ನಿಗೇ ಶಿವಾಜಿನಗರದ ಸುತ್ತಮುತ್ತ ಗಲಭೆಯಾಯಿತು. ಅಮೆರಿಕದ ಆಕ್ರಮಣದ ಮೇಲಿನ ಸಿಟ್ಟಿಗೆ ಕಾರಣಗಳಿದ್ದವು. ಆದರೆ ಆ ಸಿಟ್ಟಿಗೆ ಮುಖವಾಗಿದ್ದು ಸದ್ದಾಂನ ಚಿತ್ರ. ಹಲಬ್ಜಾದಲ್ಲಿ ಸತ್ತವರೂ ಬಹುಪಾಲು ಮುಸ್ಲಿಮರೇ ಎಂಬ ಸಂಗತಿ ಆ ದಿನಗಳಲ್ಲಿ ಎಲ್ಲೋ ಕಳೆದುಹೋಯಿತು. ಅವನು ಜೀವಂತವಾಗಿ ಕಟಕಟೆಯಲ್ಲಿದ್ದು, ವಾರವಾರವೂ ಕುರ್ದ್ ಹೆಂಗಸರ ಸಾಕ್ಷ್ಯ ಕೇಳುತ್ತ ಕೂತಿದ್ದರೆ, ಹುತಾತ್ಮನ ವೇಷ ಅಷ್ಟು ಸಲೀಸಾಗಿ ಒಪ್ಪುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಗಲ್ಲಿನ ಪರವಾದ ಅತ್ಯಂತ ಗಟ್ಟಿ ವಾದ ಫ್ರಾನ್ಸಿನದು. 1792ರ ಡಿಸೆಂಬರ್‌ನಲ್ಲಿ ಹದಿನಾರನೇ ಲೂಯಿಯ ವಿಚಾರ ಬಂದಾಗ ರೋಬೆಸ್‌ಪಿಯರ್ ವಿಚಾರಣೆಯೇ ಬೇಡ ಎಂದ. ವಿಚಾರಣೆ ನಡೆದರೆ ದೊರೆ ನಿರಪರಾಧಿಯೆಂದು ಸಾಬೀತಾಗುವ ಸಾಧ್ಯತೆಯನ್ನು ಒಪ್ಪಿದಂತೆ, ಹಾಗೆ ಒಪ್ಪಿದರೆ ಕ್ರಾಂತಿಯೇ ಅಪರಾಧವಾಗುತ್ತದೆ ಎಂಬುದು ಅವನ ತರ್ಕ. ಒಂದೂವರೆ ವರ್ಷದ ಹಿಂದಷ್ಟೇ ಮರಣದಂಡನೆಯನ್ನು ರದ್ದು ಮಾಡಬೇಕೆಂದು ವಾದಿಸಿದ್ದವನೂ ಇವನೇ. ಎದುರು ನಿಂತವರಲ್ಲಿ ಥಾಮಸ್ ಪೇನ್ ಒಬ್ಬ. ದೊರೆತನದ ಕಡುವೈರಿಯಾಗಿದ್ದ ಅವನು ಲೂಯಿಯನ್ನು ಯುದ್ಧ ಮುಗಿಯುವವರೆಗೆ ಸೆರೆಯಲ್ಲಿಟ್ಟು, ಆಮೇಲೆ ಅಮೆರಿಕಕ್ಕೆ ಗಡೀಪಾರು ಮಾಡಿ ಎಂದ. ಅವನ ಮಾತನ್ನು ಫ್ರೆಂಚಿಗೆ ಅನುವಾದಿಸಿ ಓದಬೇಕಾಯಿತು. 1793ರ ಜನವರಿ 21ರಂದು ಲೂಯಿಯ ತಲೆ ಉರುಳಿತು. ಆ ವರ್ಷದ ಕೊನೆಯಲ್ಲಿ ಪೇನ್ ಜೈಲಿಗೆ ಹೋದ, ಮರುವರ್ಷದ ಜುಲೈನಲ್ಲಿ ರೋಬೆಸ್‌ಪಿಯರ್ ಅದೇ ಗಿಲೊಟಿನ್ನಿಗೆ ಹೋದ.

ರೋಬೆಸ್‌ಪಿಯರ್‌ನ ತರ್ಕವನ್ನು ಅದರ ತುದಿಯವರೆಗೆ ಒಯ್ದದ್ದು ರುಮೇನಿಯ. 1989ರ ಡಿಸೆಂಬರ್ 25ರಂದು ಚೌಷೆಸ್ಕು ಮತ್ತು ಅವನ ಹೆಂಡತಿ ಎಲೆನಾಳನ್ನು ಸೇನಾ ನ್ಯಾಯಮಂಡಳಿ ಸುಮಾರು ಒಂದು ಗಂಟೆ ವಿಚಾರಿಸಿ, ಕೂಡಲೇ ಗುಂಡಿಟ್ಟು ಕೊಲ್ಲಿಸಿತು. ಆರೋಪಪಟ್ಟಿಯಲ್ಲಿ 60,000 ಸಾವುಗಳೆಂದಿತ್ತು. ಆ ಕ್ರಾಂತಿಯಲ್ಲಿ ಸತ್ತವರು ಸಾವಿರದ ನೂರರ ಆಸುಪಾಸು, ಅವರಲ್ಲೂ ಹೆಚ್ಚಿನವರು ಸತ್ತಿದ್ದು ಚೌಷೆಸ್ಕು ಪಲಾಯನ ಮಾಡಿದ ಮೇಲೆ. ಎರಡು ವಾರ ಕಳೆಯುವುದರೊಳಗೆ ಅದೇ ಹೊಸ ಸರ್ಕಾರ ಮರಣದಂಡನೆಯನ್ನು ರದ್ದು ಮಾಡಿತು. ಗುಂಡಿಟ್ಟ ಆತುರ ಯಾರನ್ನು ಉಳಿಸಲು ಎಂಬ ಅನುಮಾನ ಅಲ್ಲಿ ಇಂದಿಗೂ ಹೋಗಿಲ್ಲ. ಹಳೆಯ ಪಕ್ಷದಲ್ಲಿದ್ದವರೇ ಹೊಸ ಅಧಿಕಾರದಲ್ಲೂ ಇದ್ದರು. ಬದುಕಿದ್ದರೆ ಅವನು ಯಾರ ಹೆಸರು ಹೇಳುತ್ತಿದ್ದನೋ. 2010ರಲ್ಲಿ ಗೋರಿ ಅಗೆದು, ಒಳಗಿರುವುದು ಅವನೇ ಎಂದು ಖಚಿತಪಡಿಸಿಕೊಳ್ಳುವ ಹಂತಕ್ಕೂ ಹೋಗಬೇಕಾಯಿತು.

ಹಾಗೆಂದು ಜೀವಾವಧಿಯ ಪರ ವಾದಿಸುವವರು ದಕ್ಷಿಣ ಕೊರಿಯವನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. 1980ರ ಮೇ ತಿಂಗಳಲ್ಲಿ ಗ್ವಾಂಗ್ಜು ನಗರದಲ್ಲಿ ಹತ್ಯಾಕಾಂಡ ನಡೆಸಿದ ಚುನ್ ಡೂ ಹ್ವಾನ್‌ಗೆ 1996ರ ಆಗಸ್ಟ್‌ನಲ್ಲಿ ಮರಣದಂಡನೆಯಾಯಿತು. ಡಿಸೆಂಬರ್‌ನಲ್ಲಿ ಅದು ಜೀವಾವಧಿಗೆ ಇಳಿಯಿತು. 1997ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರ್ 22ಕ್ಕೆ ಕ್ಷಮಾದಾನ ಪಡೆದು ಅವನು ಹೊರಬಂದ. ಈ ಕ್ಷಮಾದಾನಕ್ಕೆ ಒಪ್ಪಿದವರಲ್ಲಿ ಆಗಷ್ಟೇ ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಕಿಮ್ ಡೇ ಜುಂಗ್ ಕೂಡ ಇದ್ದರು. 1980ರಲ್ಲಿ ಚುನ್‌ನ ಆಡಳಿತ ಗಲ್ಲುಶಿಕ್ಷೆ ವಿಧಿಸಿದ್ದು ಇದೇ ಕಿಮ್‌ಗೆ. ವೈಯಕ್ತಿಕವಾಗಿ ಅದು ಹಿರಿದಾದ ಕ್ಷಮೆ. ಆದರೆ ಚುನ್ ತಪ್ಪೊಪ್ಪಿಕೊಳ್ಳಲಿಲ್ಲ. 2017ರ ಆತ್ಮಕಥೆಯಲ್ಲಿ ಗ್ವಾಂಗ್ಜುವಿನ ಸಾಕ್ಷಿಯಾಗಿದ್ದ, ಆಗಲೇ ತೀರಿಹೋಗಿದ್ದ ಪಾದ್ರಿಯೊಬ್ಬರನ್ನು ಸುಳ್ಳುಗಾರನೆಂದು ಹಳಿದು, ಅದಕ್ಕಾಗಿ ಮತ್ತೆ ಕೋರ್ಟಿನಲ್ಲಿ ನಿಂತ. 2021ರಲ್ಲಿ ಕ್ಷಮೆ ಕೇಳದೆಯೇ ಸತ್ತ.

ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಚುನ್ ಬಿಡುಗಡೆಯಾಗಿ ಎಂಟು ದಿನಕ್ಕೆ, 1997ರ ಡಿಸೆಂಬರ್ 30ರಂದು, ಕೊರಿಯದ ಜೈಲುಗಳಲ್ಲಿ ಒಂದೇ ದಿನ 23 ಕೈದಿಗಳನ್ನು ಗಲ್ಲಿಗೇರಿಸಲಾಯಿತು. ಅವರಾರೂ ದೇಶ ಆಳಿದವರಲ್ಲ. ನೂರಾರು ಜನರನ್ನು ಕೊಲ್ಲಿಸಿದವನಿಗೆ ಮನೆ, ಒಬ್ಬಿಬ್ಬರನ್ನು ಕೊಂದವನಿಗೆ ನೇಣು ಎಂದಾದರೆ, ಸರ್ವಾಧಿಕಾರಿಯ ಜೀವ ಉಳಿಸಿ ಎನ್ನುವ ವಾದಕ್ಕೆ ಯಾವ ನೈತಿಕ ಬಲವೂ ಇರುವುದಿಲ್ಲ. ಗಲ್ಲು ಬೇಡ ಎನ್ನುವುದಾದರೆ ಅದು ಮೊದಲು ಹೆಸರಿಲ್ಲದ ಕೈದಿಗೆ ಬೇಡವಾಗಬೇಕು. ಸರ್ವಾಧಿಕಾರಿಯ ಸರದಿ ಆಮೇಲಿನದು.

ಬದುಕಿರುವ ಸರ್ವಾಧಿಕಾರಿ ಅಪಾಯ ಎಂಬ ಮಾತಿಗೂ ಉತ್ತರ ಕೊಡಬೇಕು. ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡ ನೆಪೋಲಿಯನ್ 1815ರ ಮಾರ್ಚ್‌ನಲ್ಲಿ ಫ್ರಾನ್ಸಿಗೆ ಮರಳಿ, ವಾಟರ್ಲೂವಿನಲ್ಲಿ ಸೋಲುವ ಮುನ್ನ ಇನ್ನಷ್ಟು ಸಾವಿರ ಜನರನ್ನು ಸಾವಿಗೆ ದೂಡಿದ. ಆದರೆ ಎಲ್ಬಾ ಜೈಲಾಗಿರಲಿಲ್ಲ. ಅವನಿಗೆ ಆಳಲು ಕೊಟ್ಟ ಪುಟ್ಟ ರಾಜ್ಯವಾಗಿತ್ತು. ಆಮೇಲೆ ಸೇಂಟ್ ಹೆಲೆನಾದಲ್ಲಿ ಕಾವಲಿಟ್ಟ ಮೇಲೆ ಅವನು ಹೊರಬರಲಿಲ್ಲ. ಸರಿಯಾಗಿ ಸೆರೆಯಲ್ಲಿಡುವುದು ಕಷ್ಟ, ಅಸಾಧ್ಯವಲ್ಲ.

ಅದು ಸಾಧ್ಯ ಎನ್ನಲು ಚಾಡ್ ದೇಶವನ್ನು 1982ರಿಂದ 1990ರವರೆಗೆ ಆಳಿದ ಹಿಸೆನ್ ಹಾಬ್ರೆಯ ಉದಾಹರಣೆಯಿದೆ. ಅವನ ಸೆರೆಮನೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ನರಳಿದ ಸುಲೇಮಾನ್ ಗೆಂಗೆಂಗ್ ಎಂಬ ಸರ್ಕಾರಿ ನೌಕರ, ಹೊರಬಂದ ಮೇಲೆ ತನ್ನಂಥವರ ಹೇಳಿಕೆಗಳನ್ನು ಒಂದೊಂದಾಗಿ ಬರೆದಿಟ್ಟುಕೊಂಡರು. ಇಪ್ಪತ್ತೈದು ವರ್ಷಗಳ ಹೋರಾಟದ ನಂತರ ಸೆನೆಗಲ್‌ನ ಡಾಕರ್‌ನಲ್ಲಿ, ಆಫ್ರಿಕನ್ ಒಕ್ಕೂಟದ ಬೆಂಬಲದಿಂದ ರೂಪುಗೊಂಡ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಹಾಬ್ರೆ ಬರಲೊಪ್ಪದಿದ್ದಾಗ ಅವನನ್ನು ಹೊತ್ತು ತಂದು ಕೂರಿಸಿದರು. ಬದುಕುಳಿದವರು ಅವನ ಎದುರೇ ಸಾಕ್ಷಿ ನುಡಿದರು. 2016ರ ಮೇ 30ರಂದು ಜೀವಾವಧಿ ಶಿಕ್ಷೆಯಾಯಿತು. 2021ರಲ್ಲಿ ಕೋವಿಡ್ ತಗುಲಿ ಅವನು ಸತ್ತಾಗ ಇನ್ನೂ ಶಿಕ್ಷೆ ಅನುಭವಿಸುತ್ತಿದ್ದ ಕೈದಿಯಾಗಿದ್ದ. ಪರಿಹಾರದ ಹಣಕ್ಕಾಗಿ ಸಂತ್ರಸ್ತರು ವರ್ಷಗಟ್ಟಲೆ ಕಾಯಬೇಕಾಯಿತು, ಆ ಕೊರತೆಯನ್ನು ಮುಚ್ಚಿಡುವುದು ಬೇಡ. ಆದರೆ ಆ ಮೊಕದ್ದಮೆಯ ಬಗ್ಗೆ ಓದುವಾಗ ನೆನಪಿನಲ್ಲಿ ನಿಲ್ಲುವುದು ಅವನ ಕೊನೆಯ ಗಳಿಗೆಯಲ್ಲ, ಸಾಕ್ಷಿಕಟ್ಟೆಯಲ್ಲಿ ನಿಂತವರ ಮಾತು.

ಹಾಗಾಗಿ ನಾನು ಜೀವಾವಧಿಯ ಪರ, ಮೂರು ಷರತ್ತುಗಳೊಂದಿಗೆ. ಒಂದು, ಬಾಕಿಯಿರುವ ಎಲ್ಲ ಮೊಕದ್ದಮೆಗಳೂ ಅವನ ಎದುರಿನಲ್ಲೇ ನಡೆದು ಮುಗಿಯಬೇಕು. ಎರಡು, ರಾಜಕೀಯ ಹೊಂದಾಣಿಕೆಯ ಕ್ಷಮಾದಾನಕ್ಕೆ ದಾರಿಯಿರಬಾರದು. ಅನ್ಯಾಯಕ್ಕೊಳಗಾದವರ ಪರವಾಗಿ ಇನ್ನೊಬ್ಬರು ಕ್ಷಮಿಸಲಾಗದು. ಮೂರು, ಅವನಿಗೆ ಸಿಕ್ಕ ಜೀವದಾನ ಆ ದೇಶದ ಕಟ್ಟಕಡೆಯ ಕೈದಿಗೂ ಸಿಗಬೇಕು. ಮುಂದೆ ಯಾವುದೇ ದೇಶದಲ್ಲಿ ಇಂಥ ತೀರ್ಪು ಬಂದಾಗ, ಶಿಕ್ಷೆ ಏನು ಎಂಬ ಸಾಲಿಗೇ ಓದು ನಿಲ್ಲಿಸದೆ, ಇನ್ನೂ ಎಷ್ಟು ಸಾಕ್ಷಿಗಳು ಮಾತಾಡುವುದು ಬಾಕಿಯಿದೆ ಎಂದು ಹುಡುಕಿ ನೋಡೋಣ.